ಮೂರು ಮಸೂರ, ನಾಲ್ಕು ಊರು

ಕಳೆದ ಶ್ರಾವಣದಲ್ಲಿ ಬೈಲಹೊಂಗಲದ ಸಮೀಪದ ಹಳ್ಳಿಯೊಂದಕ್ಕೆ ಪುರಾಣ ಪ್ರವಚನದ ನಿಮಿತ್ತ ಹೋಗಿದ್ದಾಗ, ಮಂಗಳವಾದ ನಂತರ ಗೃಹಸ್ಥರೊಬ್ಬರು ನಮ್ಮನ್ನು ಬದಿಗೆ ಕರೆದು ಒಂದು ಪ್ರಶ್ನೆ ಕೇಳಿದರು. ಅದು ಷಟ್‌ಸ್ಥಲದ ಪ್ರಶ್ನೆಯಲ್ಲ, ಪಂಚಾಚಾರದ್ದೂ ಅಲ್ಲ. “ಗುರುಗಳ, ನೀವೂ ಫೋಟೋ ತೆಗೀತೀರಂತ ಕೇಳೇನಿ. ನಾನೂ ರೊಕ್ಕಾ ಕೊಟ್ಟು ಒಂದು ಕ್ಯಾಮೆರಾ ತಗೊಂಡೆ. ಎರಡು ವರ್ಷ ಭಾಳ ಹುರುಪಿತ್ತು. ಈಗ ಕಪಾಟಿನ್ಯಾಗ ಬಿದ್ದದ. ಹೊಸಾ ಲೆನ್ಸ್ ತಗೊಂಡ್ರ ಆ ಹುರುಪು ತಿರುಗಿ ಬರ್ತದೇನ್ರಿ?” ನಾವು ಅವರಿಗೆ, “ಹೊಸಾದು ಬ್ಯಾಡ್ರಿ, ಇದ್ದದ್ದನ್ನ ಬದಲಿ ಮಾಡ್ರಿ” ಎಂದಷ್ಟೇ ಹೇಳಿ ಪ್ರಸಾದಕ್ಕೆ ಎದ್ದೆವು. ಅಷ್ಟು ಸಂಕ್ಷೇಪವಾಗಿ ಹೇಳಿದ್ದು ನಮಗೇ ಸಮಾಧಾನವಾಗಲಿಲ್ಲ. ಆ ಮಾತಿನ ಹಿಂದೆ ನಾವು ತೆತ್ತ ಒಂದು ಬೆಲೆಯಿದೆ. ಅದನ್ನು ಈ ಪತ್ರಿಕೆಯ ಕುಟುಂಬಗಳ ಮುಂದೆ ಬಿಚ್ಚಿಡುವುದು ಯುಕ್ತವೆಂದು ತೋರಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಓಲೆಗರಿಗಳ ನಡುವೆ ಬೆಳೆದ ನಮ್ಮ ಕೈಗೆ ಕ್ಯಾಮೆರಾ ಬಂದುದು ಓಲೆಗರಿಯಿಂದಲೇ. ಮಠದ ಪ್ರಸಾದನಿಲಯದಲ್ಲಿದ್ದು ಸಂಸ್ಕೃತ, ಹಳಗನ್ನಡಗಳನ್ನು ಕಲಿತು, ಮುಂದೆ ಹಸ್ತಪ್ರತಿಗಳ ಪಟ್ಟಿ ಮಾಡುವ ಕೆಲಸಕ್ಕೆ ತೊಡಗಿದಾಗ ಒಂದು ಕಷ್ಟ ಎದುರಾಯಿತು. ಮನೆತನದವರು ಪೂಜೆಯಲ್ಲಿಟ್ಟ ಕಟ್ಟುಗಳನ್ನು ಹೊರಗೆ ಕೊಡರು, ಕೊಡಲೂಬಾರದು. ಅಲ್ಲಿಯೇ ಕುಳಿತು ನಕಲು ಮಾಡಲು ತಿಂಗಳುಗಳು ಬೇಕು. ಆಗ ಹಿರಿಯರೊಬ್ಬರ ಸಲಹೆಯಂತೆ 1986ರಲ್ಲಿ ಹುಬ್ಬಳ್ಳಿಯಲ್ಲಿ ಒಂದು ಹಳೆಯ ಝೆನಿಟ್-ಇ ಕ್ಯಾಮೆರಾ ಕೊಂಡೆವು. ಮಾಸ್ಕೋ ಹತ್ತಿರದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯಲ್ಲಿ ತಯಾರಾದ ಯಂತ್ರವದು. ಇಟ್ಟಿಗೆಯಂತೆ ಭಾರ, ಇಟ್ಟಿಗೆಯಂತೆಯೇ ಗಟ್ಟಿ. ಮಸೂರವನ್ನು ತಿರುಪಿನಂತೆ ತಿರುವಿ ಕೂಡಿಸಬೇಕು, ತಿರುವಿ ತೆಗೆಯಬೇಕು. ಅದರೊಡನೆ ಬಂದದ್ದು 58 ಮಿಲಿಮೀಟರಿನ ಹೀಲಿಯೋಸ್ ಮಸೂರ. ಅರ್ಧ ಮೀಟರಿಗಿಂತ ಸಮೀಪದ ವಸ್ತು ಅದಕ್ಕೆ ಸ್ಪಷ್ಟವಾಗಿ ಕಾಣದು. ಆದುದರಿಂದ ಮಸೂರಕ್ಕೂ ಕ್ಯಾಮೆರಾಕ್ಕೂ ನಡುವೆ ಪೊಳ್ಳು ಬಳೆಗಳನ್ನು ಸೇರಿಸಿ, ಅದನ್ನು ಮುಂದಕ್ಕೆ ಸರಿಸಿ, ಗರಿಯ ಅಕ್ಷರಗಳನ್ನು ಹಿಡಿಯುತ್ತಿದ್ದೆವು. ಮುಂದೆ 135 ಮಿಲಿಮೀಟರಿನ ಜ್ಯುಪಿಟರ್, 37 ಮಿಲಿಮೀಟರಿನ ಮಿರ್ ಎಂಬ ಇನ್ನೆರಡು ಮಸೂರಗಳು ಒಂದೊಂದಾಗಿ ಬಂದು ಸೇರಿದವು. ಹೀಲಿಯೋಸ್ ಎಂದರೆ ಗ್ರೀಕರ ಸೂರ್ಯ, ಜ್ಯುಪಿಟರ್ ಎಂದರೆ ನಮ್ಮ ಗುರುಗ್ರಹ, ಮಿರ್ ಎಂಬ ರಷ್ಯನ್ ಪದಕ್ಕೆ ಜಗತ್ತು ಎಂದೂ ಶಾಂತಿ ಎಂದೂ ಎರಡರ್ಥ. ಸೂರ್ಯನನ್ನೂ ಗುರುವನ್ನೂ ಜಗತ್ತನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಸೈಕಲ್ ಮೇಲೆ ಊರೂರು ತಿರುಗಿದೆವೆಂದು ಆಗ ತಮಾಷೆಗೆ ಹೇಳುತ್ತಿದ್ದುದುಂಟು.

ಈ ಅಂಕಿಗಳೇನೆಂದು ತಿಳಿಯದೆ ಮುಂದಿನ ಮಾತು ಅರ್ಥವಾಗದು. ಹತ್ತು ಅಡಿ ದೂರದಲ್ಲಿ ಒಂದು ಗೋಡೆಯಿದೆಯೆಂದು ಭಾವಿಸಿರಿ. 37ರ ಮಸೂರವು ಆ ಗೋಡೆಯಲ್ಲಿ ಸುಮಾರು ಒಂಬತ್ತೂಮುಕ್ಕಾಲು ಅಡಿ ಅಗಲವನ್ನು ಚಿತ್ರದೊಳಗೆ ತರುತ್ತದೆ. 58ರದು ಆರು ಅಡಿಗಿಂತ ತುಸು ಹೆಚ್ಚು. 135ರದು ಎರಡೂಮುಕ್ಕಾಲು ಅಡಿಯನ್ನು ಮೀರದು. ಅಂಕಿ ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ನೋಟ ಇಕ್ಕಟ್ಟು. ಆದರೆ ದೂರದ್ದು ಹತ್ತಿರ ಬರುತ್ತದೆ. ಇಷ್ಟನ್ನು ಯಾವ ಅಂಗಡಿಯವರೂ ಹೇಳಿಕೊಡುತ್ತಾರೆ. ಅವರು ಹೇಳದೆ ಬಿಡುವ ಸಂಗತಿ ಬೇರೊಂದಿದೆ. ನಿಂತ ಜಾಗದಿಂದ ಅಲುಗದೆ ಮಸೂರವನ್ನು ಮಾತ್ರ ಬದಲಿಸಿದರೆ, ಚಿತ್ರದೊಳಗಿನ ವಸ್ತುಗಳ ಪರಸ್ಪರ ಸಂಬಂಧವು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ದೊಡ್ಡ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸಿದಂತಾಗುತ್ತದೆ, ಅಷ್ಟೆ. ಮುಂದಿನ ಕಂಬ ದೊಡ್ಡದಾಗಿ ಹಿಂದಿನ ಗೋಪುರ ಸಣ್ಣದಾಗುವುದು, ಅಥವಾ ಎರಡೂ ಒಂದಕ್ಕೊಂದು ಆತುಕೊಂಡಂತೆ ತೋರುವುದು, ನೋಡುವವನು ಎಲ್ಲಿ ನಿಂತಿದ್ದಾನೆಂಬುದರ ಫಲ. ಮಸೂರವು ಮಾಡುವ ಉಪಕಾರವೆಂದರೆ ನಮ್ಮನ್ನು ನಿಂತಲ್ಲಿ ನಿಲ್ಲಗೊಡದೆ ನಡೆಸುವುದು. ಅಗಲ ನೋಟದ ಮಸೂರ ಹಾಕಿದವನು ಜನರ ಹತ್ತಿರ ಹೋಗಲೇಬೇಕು. ದೂರ ನೋಟದ್ದನ್ನು ಹಾಕಿದವನು ಹಿಂದೆ ಸರಿಯಲೇಬೇಕು.

ಹವ್ಯಾಸವು ಮಂಕಾಗುವುದು ಇಲ್ಲಿಯೇ. ನಮಗೆ 135ರ ಜ್ಯುಪಿಟರ್ ದೊರೆತ ಮೇಲೆ ಉಳಿದೆರಡನ್ನು ಮರೆತೆವು. ಸಂಕೋಚದ ಸ್ವಭಾವದವರಿಗೆ ಅದು ಹೇಳಿ ಮಾಡಿಸಿದ ಮಸೂರ. ಜಾತ್ರೆಯಲ್ಲಿ ಮೂವತ್ತು ಅಡಿ ದೂರದ ಕಟ್ಟೆಯ ಮೇಲೆ ನಿಂತು ಯಾರ ಮುಖವನ್ನಾದರೂ ಹಿಡಿಯಬಹುದು. ಯಾರೂ ನಮ್ಮನ್ನು ಕೇಳುವುದಿಲ್ಲ, ನಾವೂ ಯಾರನ್ನೂ ಮಾತನಾಡಿಸಬೇಕಿಲ್ಲ. ಹಿನ್ನೆಲೆಯೆಲ್ಲ ಕರಗಿ ಮುಖವೊಂದೇ ಬೆಳ್ಳಿಯ ನಾಣ್ಯದಂತೆ ಎದ್ದು ಬರುತ್ತದೆ. ನೋಡಿದವರು ಹೊಗಳುತ್ತಾರೆ. ಹೊಗಳಿಕೆಯೇ ರೂಢಿಯಾಯಿತು. ಹದಿನೈದು ವರ್ಷಗಳ ನಂತರ ನಮ್ಮ ಸಂಗ್ರಹವನ್ನು ಹರವಿಕೊಂಡು ಕುಳಿತರೆ, ಯಾವ ಮುದುಕ ಯಾವ ಊರಿನವನು, ಯಾವ ಹುಣ್ಣಿಮೆಯಲ್ಲಿ ಕಂಡವನು ಎಂಬುದು ನಮಗೇ ತಿಳಿಯದಂತಾಗಿತ್ತು. ಮುಖಗಳಿದ್ದವು, ಊರುಗಳಿರಲಿಲ್ಲ. ಆಮೇಲೆ ಕ್ಯಾಮೆರಾ ಹೊರಗೆ ತೆಗೆಯುವುದೇ ಬೇಸರವಾಗಿ, ಅದು ತಗಡಿನ ಪೆಟ್ಟಿಗೆ ಸೇರಿತು.

37ರ ಮಿರ್ ಮಸೂರವಂತೂ ಅದಕ್ಕೂ ಮೊದಲೇ ಪೆಟ್ಟಿಗೆ ಸೇರಿತ್ತು. ಅದನ್ನು ತಂದ ಹೊಸತರಲ್ಲಿ ಬೀಗರ ಮದುವೆಯಲ್ಲಿ ಸಾಲಾಗಿ ನಿಂತವರ ಚಿತ್ರ ತೆಗೆದೆವು. ಇಕ್ಕಟ್ಟಿನ ಜಾಗದಲ್ಲಿ ತೀರ ಸಮೀಪ ನಿಂತು ತೆಗೆದದ್ದರಿಂದ ಅಂಚಿಗೆ ನಿಂತ ಸೋದರತ್ತೆಯವರು ಅಡ್ಡಕ್ಕೆ ಹಿಗ್ಗಿ ಕಂಡರು. ಮನೆಯವರೆಲ್ಲ ನಕ್ಕರು, ಅತ್ತೆಯವರು ನಗಲಿಲ್ಲ. ತಪ್ಪು ಮಸೂರದ್ದಲ್ಲ, ಅವರನ್ನು ಅಂಚಿಗೆ ನಿಲ್ಲಿಸಿದ ನಮ್ಮದು. ಆದರೂ ನಾವು ಮಸೂರಕ್ಕೇ ಶಿಕ್ಷೆ ವಿಧಿಸಿದೆವು.

ಇನ್ನು ನಾವು ತೆತ್ತ ಬೆಲೆಯ ಮಾತು. ನಮ್ಮ ಮೂಲಮನೆ ರಾಮದುರ್ಗ ತಾಲೂಕಿನ ಮಲಪ್ರಭೆಯ ದಂಡೆಯ ಹಳ್ಳಿಯಲ್ಲಿತ್ತು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ತೊಲೆಕಂಬದ ಪಡಸಾಲೆ. ಬಲಕ್ಕೆ ದನ ಕಟ್ಟುವ ಗೋದಲಿ, ಎಡಕ್ಕೆ ಒಳಕಲ್ಲು, ನಡುಮನೆಯಲ್ಲಿ ದೇವರ ಜಗಲಿ, ಜಗಲಿಯ ಮೇಲಕ್ಕೆ ಬೆಳಕಿಂಡಿ. ಬೆಳಗಿನ ಹೊತ್ತು ಆ ಬೆಳಕಿಂಡಿಯಿಂದ ಇಳಿದ ಬಿಸಿಲು ನಮ್ಮ ಅವ್ವ ಲಿಂಗಪೂಜೆಗೆ ಕುಳಿತಲ್ಲಿಗೆ ಬರುತ್ತಿತ್ತು. ಅವ್ವ 2004ರಲ್ಲಿ ಲಿಂಗೈಕ್ಯರಾದರು. ಮನೆಯಲ್ಲಿ ತಮ್ಮನ ಸಂಸಾರ ಇತ್ತು. ನಾವು ಕಾಲೇಜಿನ ಸೇವೆಯಿಂದ ನಿವೃತ್ತರಾದ 2019ರಲ್ಲಿಯೇ, ಆಗಸ್ಟ್ ತಿಂಗಳಿನಲ್ಲಿ ಮಲಪ್ರಭೆಗೆ ಮಹಾಪೂರ ಬಂದಿತು. ಮುನವಳ್ಳಿ, ಸುರೇಬಾನ, ರಾಮದುರ್ಗದ ಕಡೆಯ ಹೊಳೆಸಾಲಿನ ಜನ ಆ ದಿನಗಳನ್ನು ಮರೆಯಲಾರರು. ತಮ್ಮನ ಮನೆಯವರು ದನಗಳನ್ನು ಬಿಚ್ಚಿಕೊಂಡು ಎತ್ತರದ ಶಾಲೆಯನ್ನು ಸೇರಿ ಬದುಕಿದರು. ನೀರು ಇಳಿದಾಗ ಮನೆ ಇರಲಿಲ್ಲ. ಮಣ್ಣಿನ ಗೋಡೆ ನೀರು ಕುಡಿದು ಕೂತಿತ್ತು. ತೊಲೆಗಳು ಮಾತ್ರ ಒಂದರ ಮೇಲೊಂದು ಬಿದ್ದಿದ್ದವು.

ಕೆಲವು ತಿಂಗಳ ಮೇಲೆ ಎತ್ತರದ ಜಾಗದಲ್ಲಿ ಹೊಸ ಮನೆಗೆ ಪಾಯ ಹಾಕುವಾಗ ತಮ್ಮನ ಹೆಂಡತಿ ನಮ್ಮಲ್ಲಿಗೆ ಬಂದು, “ಭಾವಾರ, ಅತ್ತಿಯವರ ಜಗಲಿ ಹೆಂಗಿತ್ತೋ ಹಂಗ ಕಟ್ಟಸೂಣಂತೀವಿ. ನಿಮ್ಮ ಹತ್ರ ಫೋಟೋ ಅದಾವಲ್ಲರಿ, ಒಂದು ತೋರಸ್ರಿ, ಗೌಂಡಿಗೆ ಕೊಡ್ತೀವಿ” ಎಂದು ಕೇಳಿದರು. ಎಷ್ಟು ಸಹಜವಾದ ಬೇಡಿಕೆ! ಮೂವತ್ತು ವರ್ಷ ಕ್ಯಾಮೆರಾ ಹಿಡಿದವರ ಮನೆಯಲ್ಲಿ ಸ್ವಂತ ಮನೆಯ ಚಿತ್ರ ಇಲ್ಲದೆ ಹೋದೀತೇ? ನಾವು ನೆಗೆಟಿವ್‌ಗಳ ಕಟ್ಟನ್ನೆಲ್ಲ ಬಿಚ್ಚಿದೆವು. ಎರಡು ರಾತ್ರಿ ಬೆಳಕಿಗೆ ಹಿಡಿದು ನೋಡಿದೆವು. ಅವ್ವನ ಚಿತ್ರಗಳು ಏಳು ಇದ್ದವು. ಏಳರಲ್ಲಿಯೂ ಮುಖದ ಸುಕ್ಕು ಸುಕ್ಕೂ ಎಣಿಸುವಂತಿತ್ತು, ಹಣೆಯ ವಿಭೂತಿಯ ಮೂರು ಗೆರೆ ಸ್ಪಷ್ಟವಿತ್ತು, ಅಂಗೈಯ ಲಿಂಗವೂ ಇತ್ತು. ಹಿಂದೆ ಬರಿಯ ಮಬ್ಬು. ಒಂದರಲ್ಲಿ ಕಂಬದ ಅಂಚೊಂದು ಇಣುಕಿತ್ತು. ಜಗಲಿಗೆ ಎಷ್ಟು ಮೆಟ್ಟಿಲು, ಅದರ ಮೇಲಿನ ಮಾಡ ಕಮಾನಿನದೋ ಚೌಕದ್ದೋ, ಬೆಳಕಿಂಡಿ ನಡುವಿತ್ತೋ ಬದಿಗಿತ್ತೋ, ಒಂದೂ ತಿಳಿಯದು. ತಮ್ಮನೂ ನಾವೂ ನೆನಪಿನಿಂದ ಬರೆದ ಎರಡು ನಕ್ಷೆಗಳು ಒಂದನ್ನೊಂದು ಹೋಲಲಿಲ್ಲ. ತಂಗಿ ಬರೆದದ್ದು ಮೂರನೆಯ ಬಗೆಯಾಯಿತು. ಅದೇ ಮನೆಯಲ್ಲಿ ಹುಟ್ಟಿ ಬೆಳೆದ ಮೂವರು ನಾವು.

ಅಂದು ಪೆಟ್ಟಿಗೆಯ ತಳದಿಂದ ಮಿರ್ ಮಸೂರವನ್ನು ಹೊರಗೆ ತೆಗೆದೆವು. ಅದರೊಳಗೆ ಜೇಡರ ಬಲೆಯಂತಹ ಬೂಸು ಹಬ್ಬಿತ್ತು. ಮಳೆಗಾಲದ ತೇವದಲ್ಲಿ ಕತ್ತಲೆಯ ಪೆಟ್ಟಿಗೆಯಲ್ಲಿ ಬಿದ್ದ ಯಾವ ಮಸೂರಕ್ಕೂ ಇದೇ ಗತಿ. ಚರ್ಮದ ಚೀಲದಲ್ಲಿಟ್ಟರಂತೂ ಇನ್ನೂ ಬೇಗ. ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣದೊಡನೆ ಇಟ್ಟು, ತಿಂಗಳಿಗೊಮ್ಮೆ ಬೆಳಕು ಕಾಣಿಸುವುದು ಒಳ್ಳೆಯದು. ಹರಳಿನ ಬಣ್ಣ ಬದಲಾದರೆ ಹುರಿದು ಮತ್ತೆ ಬಳಸಬಹುದು. ಹುಬ್ಬಳ್ಳಿಯಲ್ಲಿ ರಿಪೇರಿಯವರೊಬ್ಬರು ಮಸೂರವನ್ನು ಬಿಚ್ಚಿ ಒರೆಸಿಕೊಟ್ಟರು. ಗಾಜಿನ ಒಂದು ಮೂಲೆಯಲ್ಲಿ ಕಲೆ ಉಳಿಯಿತು. ಇರಲಿ.

ಮತ್ತೆ ಆರಂಭಿಸುವಾಗ ನಾವು ಒಂದು ನಿಯಮ ಮಾಡಿಕೊಂಡೆವು. ಒಂದು ತಿಂಗಳಿಗೆ ಒಂದೇ ಮಸೂರ. ಉಳಿದವು ಮನೆಯಲ್ಲಿಯೇ. ಚೀಲದಲ್ಲಿ ಮೂರಿದ್ದರೆ ಮನಸ್ಸು ಚಿತ್ರದ ಮೇಲೆ ನಿಲ್ಲದೆ ಚೀಲದ ಮೇಲೆಯೇ ಇರುತ್ತದೆ. ಒಂದೇ ಇದ್ದರೆ ಎಂಟು ಹತ್ತು ದಿನಗಳಲ್ಲಿ ಕಣ್ಣು ಅದರ ಅಳತೆಗೆ ಹೊಂದಿಕೊಂಡು, ಕ್ಯಾಮೆರಾ ಎತ್ತುವ ಮೊದಲೇ ಚೌಕಟ್ಟು ಕಾಣತೊಡಗುತ್ತದೆ. ಫ್ರಾನ್ಸಿನ ಹೆನ್ರಿ ಕಾರ್ತಿಯೆ-ಬ್ರೆಸೋನ್ ಅವರು ತಮ್ಮ ಬಹುಪಾಲು ಚಿತ್ರಗಳನ್ನು 50 ಮಿಲಿಮೀಟರಿನ ಒಂದೇ ಬಗೆಯ ಮಸೂರದಿಂದ ತೆಗೆದರೆಂಬುದು ಪ್ರಸಿದ್ಧ. ಅಂತಹ ನಿಷ್ಠೆ ನಮ್ಮಂತಹ ಹವ್ಯಾಸಿಗಳಿಗೆ ಸಾಧ್ಯವಾಗದು. ತಿಂಗಳ ನಿಷ್ಠೆ ಸಾಧ್ಯ.

ಮೊದಲ ಪ್ರಯತ್ನವೇ ನಗೆಪಾಟಲಾಯಿತು. ಫಿಲ್ಮಿನ ರೀಲು ತೊಳೆಯುವವರು ಹತ್ತಿರದಲ್ಲಿ ಯಾರೂ ಉಳಿದಿರಲಿಲ್ಲ. ತಮ್ಮನ ಮಗ ತನ್ನ ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ಒಂದು ಉಂಗುರದಂತಹ ಅಡಾಪ್ಟರ್ ತರಿಸಿ ನಮ್ಮ ಹಳೆಯ ತಿರುಪಿನ ಮಸೂರವನ್ನು ಕೂಡಿಸಿಕೊಟ್ಟ. ನಾವು ಸಂಭ್ರಮದಿಂದ ಕಿತ್ತೂರಿಗೆ ಹೋದೆವು. ನೋಡುತ್ತೇವೆ, ಅಗಲ ನೋಟದ ಮಸೂರ ಅಗಲವೇ ಇಲ್ಲ! ಹುಡುಗ ಲೆಕ್ಕ ಬಿಡಿಸಿ ಹೇಳಿದ: “ದೊಡ್ಡಪ್ಪಾ, ಇದರ ಒಳಗಿನ ಸೆನ್ಸಾರ್ ಫಿಲ್ಮಿಗಿಂತ ಸಣ್ಣದು. ಒಂದೂವರೆಯಿಂದ ಗುಣಿಸ್ರಿ.” 37ನ್ನು ಗುಣಿಸಿದರೆ ಐವತ್ತೈದೂವರೆ. ಅಂದರೆ ನಾವು ಬಿಟ್ಟು ಬಂದ 58ರ ಹತ್ತಿರ ಹತ್ತಿರವೇ ಬಂದು ನಿಂತಿದ್ದೆವು. ಹಳೆಯ ಮಸೂರಗಳನ್ನು ಹೊಸ ಕ್ಯಾಮೆರಾಕ್ಕೆ ಹಾಕುವವರು ಈ ಗುಣಾಕಾರವನ್ನು ಮರೆಯಬಾರದು. ಕೊನೆಗೆ ಆ ಕ್ಯಾಮೆರಾದೊಡನೆ ಬಂದ 18ರಿಂದ 55ರವರೆಗಿನ ಝೂಮ್ ಮಸೂರವನ್ನೇ ಹಾಕಿ, ಅದರ ಉಂಗುರವನ್ನು 18ರಲ್ಲಿ ನಿಲ್ಲಿಸಿ ಅಂಟುಪಟ್ಟಿ ಸುತ್ತಿದೆವು. 18 ಗುಣಿಲೆ ಒಂದೂವರೆ, 27. ನಮ್ಮ ಮಿರ್‌ಗಿಂತ ಅಗಲವಾಯಿತು. ಪ್ರವಚನದಲ್ಲಿ ಪ್ರಶ್ನೆ ಕೇಳಿದ ಗೃಹಸ್ಥರಿಗೆ “ಹೊಸಾದು ಬ್ಯಾಡ್ರಿ” ಎಂದದ್ದು ಇದೇ ಕಾರಣಕ್ಕೆ. ಅವರ ಕ್ಯಾಮೆರಾದ ಜೊತೆಗೆ ಇಂತಹ ಝೂಮ್ ಒಂದು ಇದ್ದೇ ಇರುತ್ತದೆ. ಅದರೊಳಗೇ ಮೂರು ಮಸೂರಗಳಿವೆ. ಬೇಕಾದದ್ದು ಎರಡು ರೂಪಾಯಿಯ ಅಂಟುಪಟ್ಟಿ. ಮೊಬೈಲಿನಲ್ಲಿ ಅರ್ಧ, ಒಂದು, ಎರಡು ಎಂದು ಗುರುತು ಹಾಕಿದ ಗುಂಡಿಗಳೂ ಇದೇ ಕೆಲಸವನ್ನು ಮಾಡುತ್ತವೆ.

ಕಿತ್ತೂರಿನಲ್ಲಿ ಆ ಅಗಲ ನೋಟದಿಂದ ಕಲಿತದ್ದನ್ನು ಚಿಕ್ಕದಾಗಿ ಹೇಳುತ್ತೇವೆ. 1824ರ ಯುದ್ಧದ ಆ ಕೋಟೆಯಲ್ಲಿ ಅರಮನೆಯ ಗೋಡೆಗಳು ಈಗ ಅರ್ಧಕ್ಕೆ ನಿಂತಿವೆ. ಧ್ರುವನಕ್ಷತ್ರವನ್ನು ನೋಡಲು ಗೋಡೆಯಲ್ಲಿ ಬಿಟ್ಟದ್ದೆಂದು ಒಂದು ದುಂಡನೆಯ ರಂಧ್ರವನ್ನು ತೋರಿಸುತ್ತಾರೆ. ಹಿಂದೆ ನಾವು ಆ ರಂಧ್ರವೊಂದನ್ನೇ ದೂರದಿಂದ ಹಿಡಿದು ಬಂದಿದ್ದೆವು. ಅದು ಯಾವ ಕೋಣೆಯದು, ನೆಲದಿಂದ ಎಷ್ಟು ಎತ್ತರದ್ದು ಎಂಬುದು ಆ ಚಿತ್ರದಲ್ಲಿಲ್ಲ. ಈ ಸಲ ಗೋಡೆಗೆ ಬೆನ್ನು ಹತ್ತಿಸಿ ನಿಂತು ಕೋಣೆಯನ್ನೆಲ್ಲ ತಂದೆವು. ಅಲ್ಲಿಂದ ಸಮೀಪದ ದೇಗಾಂವದ ಕಮಲನಾರಾಯಣ ಗುಡಿಗೂ ಹೋದೆವು. ಗೋವೆಯ ಕದಂಬರ ರಾಣಿ ಕಮಲಾದೇವಿಯು 12ನೆಯ ಶತಮಾನದಲ್ಲಿ ಕಟ್ಟಿಸಿದ ಆ ಗುಡಿಯಲ್ಲಿ ಮೂರು ಗರ್ಭಗೃಹಗಳು ಒಂದೇ ಸಾಲಿನಲ್ಲಿವೆ. ಮುಂದೆ ಉದ್ದನೆಯ ಕಂಬಗಳ ಮಂಟಪ. ದೂರ ನೋಟದ ಮಸೂರಕ್ಕೆ ಅಲ್ಲಿ ಕಂಬವೊಂದರ ಕೆತ್ತನೆ ಸಿಕ್ಕೀತು, ಆ ಸಾಲು ಸಿಕ್ಕದು.

ನಮ್ಮ ಸೀಮೆಗೆ ಕ್ಯಾಮೆರಾ ಬಂದು ಒಂದೂವರೆ ಶತಮಾನ ಮೀರಿತೆಂಬುದನ್ನು ಇಲ್ಲಿ ಹೇಳದಿರಲಾರೆವು. 1855ರಲ್ಲಿ ಮುಂಬಯಿ ಸರಕಾರವು ತೋಪಖಾನೆಯ ಅಧಿಕಾರಿ ಥಾಮಸ್ ಬಿಗ್ಸ್ ಅವರನ್ನು ವಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವರು ಸೈನ್ಯದ ಕರ್ತವ್ಯಕ್ಕೆ ಮರಳಿದಾಗ ವೈದ್ಯರಾಗಿದ್ದ ವಿಲಿಯಂ ಹೆನ್ರಿ ಪಿಗೌ ಆ ಕಾರ್ಯವನ್ನು ಮುಂದುವರಿಸಿದರು. ಇವರ ಮತ್ತು ಡಾ. ನೀಲ್ ಎಂಬುವರ ಚಿತ್ರಗಳು ಧಾರವಾಡ, ಮೈಸೂರು ಸೀಮೆಗಳ ವಾಸ್ತುಶಿಲ್ಪದ ದೊಡ್ಡ ಗ್ರಂಥವಾಗಿ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯೂಸನ್ ಅದಕ್ಕೆ ವಿವರಣೆ ಬರೆದರು. ಮುಂದೆ ಹೆನ್ರಿ ಕಸಿನ್ಸ್ ಕನ್ನಡ ಜಿಲ್ಲೆಗಳ ಚಾಲುಕ್ಯ ಗುಡಿಗಳ ಮೇಲೆ ಬರೆದು 1926ರಲ್ಲಿ ಅಚ್ಚಾದ ಗ್ರಂಥದಲ್ಲಿ ದೇಗಾಂವದ ಗುಡಿಗೂ ಸ್ಥಾನ ದೊರೆಯಿತು. ಬಿಗ್ಸ್ ಅವರು ಬಳಸಿದ್ದು ಕಾಗದದ ನೆಗೆಟಿವ್. ಭಾರವಾದ ಪೆಟ್ಟಿಗೆ, ಮುಕ್ಕಾಲಿಗಳನ್ನು ಹೊರಿಸಿಕೊಂಡು ಬಿಸಿಲಿನಲ್ಲಿ ಬಂದವರು, ಎಲ್ಲಿ ನಿಲ್ಲಬೇಕೆಂದು ಸುತ್ತಾಡಿ ನಿಶ್ಚಯಿಸಿದ ಮೇಲೆಯೇ ಪೆಟ್ಟಿಗೆ ಇಳಿಸುತ್ತಿದ್ದರೆಂದು ಊಹಿಸಬಹುದು. ಇಂದಿನ ಸಂಶೋಧಕನು ಆ ಚಿತ್ರಗಳಲ್ಲಿ ಹುಡುಕುವುದು ಗುಡಿಯನ್ನು ಮಾತ್ರವೇ ಅಲ್ಲ. ಗುಡಿಯ ಬದಿಗೆ ಆಗ ಯಾವ ಮರವಿತ್ತು, ಯಾವ ಮನೆ ಆತುಕೊಂಡಿತ್ತು, ಯಾವ ಕಲ್ಲು ಆಗಿನ್ನೂ ಬಿದ್ದಿರಲಿಲ್ಲ ಎಂಬುದನ್ನು ಕೂಡ. ಸುತ್ತಲನ್ನು ಬಿಡದೆ ತೆಗೆದವರ ಋಣ ನಮ್ಮ ಮೇಲಿದೆ.

ಎರಡನೆಯ ತಿಂಗಳು ಬೈಲಹೊಂಗಲದಲ್ಲಿ, 58ರ ಹಳೆಯ ನೋಟದೊಡನೆ. ಇದು ನಾವು ವಾಸವಾಗಿರುವ ಊರು. ಚೆನ್ನಮ್ಮ ರಾಣಿಯವರು 1829ರಲ್ಲಿ ಸೆರೆಯಲ್ಲಿಯೇ ಕೊನೆಯುಸಿರೆಳೆದ ಊರು, ಅವರ ಸಮಾಧಿ ಇರುವ ಊರು. ನಡುಮಧ್ಯದ ಈ ಮಸೂರದಲ್ಲಿ ವಿಶೇಷವೇನೂ ಇಲ್ಲದಿರುವುದೇ ವಿಶೇಷ. ಅದು ಏನನ್ನೂ ಹಿಗ್ಗಿಸದು, ಏನನ್ನೂ ಕರೆತಾರದು. ಇಬ್ಬರು ನಿಂತು ಮಾತನಾಡುವಷ್ಟು ಅಂತರದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದುದರಿಂದ ಮಾತನಾಡದೆ ಗತ್ಯಂತರವಿಲ್ಲ. ಪೇಟೆಯಲ್ಲಿ ಹತ್ತಿಯ ಚೀಲಗಳ ನಡುವೆ ಕುಳಿತ ಹಮಾಲರೊಬ್ಬರನ್ನು ಮೂವತ್ತು ವರ್ಷಗಳಿಂದ ಮುಖ ಬಲ್ಲೆವು, ಹೆಸರು ಕೇಳಿರಲಿಲ್ಲ. ಈಗ ಎಂಟು ಅಡಿಯ ಅಳವಿನಲ್ಲಿ ನಿಂತು ಸುಮ್ಮನಿರಲಾದೀತೆ? “ತೆಗೀರಿ, ಆದ್ರ ಒಂದು ಪ್ರತಿ ನನಗೂ ಬೇಕ್ರಿ. ಮಗಳ ಮದವಿ ಆಗಿ ಹೋದ ಮ್ಯಾಲೆ ಮನ್ಯಾಗ ನಮ್ಮ ಫೋಟೋ ಯಾರೂ ತೆಗದಿಲ್ಲ” ಎಂದರು. ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳಲ್ಲಿನ ಸಾಮಾನ್ಯ ಜನರು ನಮ್ಮನ್ನು ನೋಡಿ ಬೆದರದೆ ಕುಳಿತಿರುವುದರ ಮರ್ಮವು ಹೀಗೆ ಮಾತಿನ ಅಂತರದಲ್ಲಿರಬೇಕೆಂದು ಆಗ ಅನಿಸಿತು. ಪ್ರತಿಯನ್ನು ನಾವು ತಲುಪಿಸಿದೆವು. ಆ ತಿಂಗಳು ನಾವು ತೆಗೆದ ಚಿತ್ರ ಕಡಿಮೆ, ಕುಡಿದ ಚಹಾ ಹೆಚ್ಚು.

ಹಾಗೆಂದು ದೂರ ನೋಟದ ಮಸೂರವನ್ನು ನಾವು ಹಳಿಯುವವರಲ್ಲ. ಮೂರನೆಯ ತಿಂಗಳು ಅದರದೇ. ಸವದತ್ತಿಯೇ ಅದಕ್ಕೆ ತಕ್ಕ ಜಾಗ. ಕೋಟೆಯ ಬುರುಜಿನ ಮೇಲೆ ನಿಂತರೆ ಊರು, ಕಪ್ಪುನೆಲ, ರೇಣುಕಾಸಾಗರದ ನೀರು ಎಲ್ಲವೂ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಅಗಲ ನೋಟದಲ್ಲಿ ಇವೆಲ್ಲ ತೆಳುವಾದ ಗೆರೆಗಳಾಗಿ ಕಳೆದುಹೋಗುತ್ತವೆ. 135ರಲ್ಲಿ ಒಂದರ ಬೆನ್ನಿಗೆ ಒಂದು ಒತ್ತಿಕೊಂಡು ನಿಲ್ಲುತ್ತವೆ. ನವಿಲುತೀರ್ಥದಲ್ಲಿ ಮಲಪ್ರಭೆ ಗುಡ್ಡವನ್ನು ಸೀಳಿ ಹೊರಬರುವ ಕಂದರಕ್ಕೆ 1970ರ ದಶಕದಲ್ಲಿ ಅಣೆಕಟ್ಟು ಕಟ್ಟಲಾಯಿತು. ಅಲ್ಲಿನ ನೀರಹಕ್ಕಿಗಳನ್ನು ಸಮೀಪಿಸಿ ಓಡಿಸುವುದಕ್ಕಿಂತ ದೂರ ಕುಳಿತು ನೋಡುವುದೇ ಧರ್ಮ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರು ಹಕ್ಕಿಗೆ ತೊಂದರೆಯಾಗದಂತೆ ಮರೆಯಲ್ಲಿ ಕುಳಿತು ಕಾಯುವುದನ್ನು ಒಂದು ಶಿಸ್ತಾಗಿ ಬೆಳೆಸಿದರು. ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರಾಗಿದ್ದವರು, ವನ್ಯಜೀವಿಗಳ ಛಾಯಾಗ್ರಾಹಕರಾಗಿಯೂ ಹೆಸರು ಮಾಡಿದರು. ಹವ್ಯಾಸಕ್ಕೆ ವೇಳೆಯಿಲ್ಲವೆನ್ನುವ ನಮ್ಮ ಬಂಧುಗಳು ಇದನ್ನು ಗಮನಿಸಬೇಕು. ದೂರ ನೋಟದ ಮಸೂರದಲ್ಲಿ ಕೈಯ ನಡುಕವೂ ಅಷ್ಟೇ ಪಾಲು ಹಿಗ್ಗುತ್ತದೆ. ಹಳೆಯ ಸೂತ್ರ ಸುಲಭ: ಮಸೂರದ ಅಂಕಿ 135 ಆದರೆ ಶಟರ್ ವೇಗವು ಸೆಕೆಂಡಿನ 135ನೆಯ ಒಂದು ಭಾಗಕ್ಕಿಂತ ನಿಧಾನವಾಗಬಾರದು. ಸಣ್ಣ ಸೆನ್ಸಾರ್ ಆದರೆ ಆ ಅಂಕಿಯನ್ನೂ ಒಂದೂವರೆಯಿಂದ ಗುಣಿಸಬೇಕು. ಅರವತ್ತು ದಾಟಿದ ಕೈಗಳಿಗೆ ಇನ್ನೂ ಇಮ್ಮಡಿ ವೇಗ ಲೇಸು.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಹೋಗುವ ಹವ್ಯಾಸಿಗಳಿಗೆ ಒಂದು ಎಚ್ಚರಿಕೆಯ ಮಾತು. ಭಂಡಾರ ಹಾರುವ ಗಾಳಿಯಲ್ಲಿ ಮಸೂರವನ್ನು ಎಂದೂ ಬದಲಿಸಬೇಡಿರಿ. ಫಿಲ್ಮಿನ ಕಾಲದಲ್ಲಿ ಒಳಹೊಕ್ಕ ಧೂಳು ಆ ಒಂದು ಚಿತ್ರದೊಡನೆ ಮುಂದೆ ಸರಿದುಹೋಗುತ್ತಿತ್ತು. ಡಿಜಿಟಲ್ ಸೆನ್ಸಾರ್ ಕೂತಲ್ಲಿಯೇ ಕೂತಿರುತ್ತದೆ. ಅದರ ಮೇಲೆ ಕುಳಿತ ಅರಿಶಿನದ ಕಣ ಆಮೇಲಿನ ಎಲ್ಲ ಚಿತ್ರಗಳಲ್ಲಿಯೂ ದೃಷ್ಟಿಬೊಟ್ಟಾಗಿ ಉಳಿಯುತ್ತದೆ. ಬದಲಿಸಲೇಬೇಕಾದರೆ ಗಾಳಿಗೆ ಬೆನ್ನು ಮಾಡಿ, ಕ್ಯಾಮೆರಾವನ್ನು ಬಂದ್ ಮಾಡಿ, ಅದರ ಬಾಯಿ ನೆಲಕ್ಕೆ ಮುಖವಾಗಿರುವಂತೆ ಹಿಡಿದು, ಹಾಕುವ ಮಸೂರದ ಹಿಂದಿನ ಮುಚ್ಚಳವನ್ನು ಮೊದಲೇ ಸಡಿಲಿಸಿಟ್ಟುಕೊಳ್ಳಬೇಕು. ಒಂದು ತಿಂಗಳಿಗೆ ಒಂದೇ ಮಸೂರವೆಂಬ ನಿಯಮಕ್ಕೆ ಇದೂ ಒಂದು ಅನುಕೂಲ.

ಸವದತ್ತಿಯ ಸಮೀಪದ ಹೂಲಿಯಲ್ಲಿ ಮಾತ್ರ ನಮ್ಮ ನಿಯಮ ಮುರಿಯಿತು. ಪಂಚಲಿಂಗೇಶ್ವರ ಗುಡಿಯಿರುವ ಆ ಊರಿನ ಶಾಸನಗಳು ಎಪಿಗ್ರಾಫಿಯಾ ಇಂಡಿಕಾದಲ್ಲಿ ಅಚ್ಚಾಗಿವೆ. ಹೊತ್ತು ಏರುವ ಮೊದಲು ಬಿಸಿಲು ಅಡ್ಡಲಾಗಿ ಸವರಿಕೊಂಡು ಬಂದಾಗ ಸವೆದ ಅಕ್ಷರಗಳೂ ತಮ್ಮ ನೆರಳಿನಿಂದ ಎದ್ದು ಕಾಣುತ್ತವೆ. ಅರ್ಧ ತಾಸಿನಲ್ಲಿ ಆ ಬೆಳಕು ಹೋಗುತ್ತದೆ. ನಮ್ಮ ಕೈಯಲ್ಲಿದ್ದದ್ದು ದೂರ ನೋಟದ್ದು. ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಗೋಡೆ. ನಿಯಮಕ್ಕೆ ಅಂಟಿಕೊಂಡು ಶಾಸನವನ್ನು ಕಳೆದುಕೊಳ್ಳುವುದು ಮೂರ್ಖತನವೆಂದು ಮೊಬೈಲ್ ತೆಗೆದು ಕೆಲಸ ಮುಗಿಸಿದೆವು.

ನಾಲ್ಕನೆಯದು ರಾಮದುರ್ಗ. ಇಲ್ಲಿಗೆ ಮತ್ತೆ ಅಗಲ ನೋಟವನ್ನೇ ಒಯ್ದೆವು. ರಾಮದುರ್ಗ, ಸುರೇಬಾನಗಳು ನೇಕಾರರ ಊರುಗಳು. ಮಗ್ಗವಿರುವ ಮನೆಯೆಂದರೆ ಮಗ್ಗದೊಳಗೇ ಮನೆ. ಹತ್ತಡಿಯ ಕೋಣೆಯಲ್ಲಿ ಗುಣಿ, ಗುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ಯಜಮಾನರು, ಪಕ್ಕದಲ್ಲಿ ಕಂಡಿಕೆ ಸುತ್ತುವ ಮನೆಯಾಕೆ, ಮೂಲೆಯಲ್ಲಿ ಓದುತ್ತಿರುವ ಹುಡುಗಿ, ಗೋಡೆಯ ಮೇಲೆ ಹಿರಿಯರ ಭಾವಚಿತ್ರ. ಹಿಂದೆ ಇಂತಹ ಮನೆಯಿಂದ ನಾವು ಲಾಳಿ ಹಿಡಿದ ಕೈಯೊಂದನ್ನು ತೆಗೆದುಕೊಂಡು ಹೊರಬೀಳುತ್ತಿದ್ದೆವು. ಕೈ ಚೆಂದವೇ. ಆದರೆ ಆ ಕೈಯ ಪಕ್ಕದಲ್ಲಿಯೇ ಒಲೆಯೂ ತೊಟ್ಟಿಲೂ ಇವೆಯೆಂಬುದು, ನೇಯ್ಗೆಯೆಂದರೆ ಒಬ್ಬನ ಕಸುಬಲ್ಲ, ಇಡೀ ಮನೆಯದೆಂಬುದು, ಆ ಚಿತ್ರದಲ್ಲಿರಲಿಲ್ಲ. ಈ ಸಲ ಹೊಸ್ತಿಲ ಮೇಲೆ ಕುಳಿತು, ಸೋದರತ್ತೆಯವರನ್ನು ನೆನೆದು, ಅಂಚಿನಲ್ಲಿ ಯಾರ ಮುಖವೂ ಬಾರದಂತೆ ಎಚ್ಚರವಹಿಸಿ, ಕೋಣೆಯನ್ನು ಪೂರ್ತಿಯಾಗಿ ಹಿಡಿದೆವು. ಮನೆಯಾಕೆ ನಮ್ಮ ಹಿಂದೆ ಬಂದು ಕ್ಯಾಮೆರಾದ ಪರದೆಯನ್ನು ನೋಡಿ, “ಅಯ್ಯ, ನಮ್ಮನಿ ಇಷ್ಟು ದೊಡ್ಡದೈತೇನ್ರಿ!” ಎಂದು ನಕ್ಕರು. ಅಗಲ ನೋಟದ ಮಸೂರವು ಕೋಣೆಯನ್ನು ಇದ್ದದ್ದಕ್ಕಿಂತ ವಿಶಾಲವಾಗಿ ತೋರಿಸುವುದೂ ನಿಜವೇ. ಅದರ ಸುಳ್ಳು ಅದಕ್ಕೆ, ದೂರ ನೋಟದ ಸುಳ್ಳು ಇದಕ್ಕೆ.

ಅಲ್ಲಿಂದ ತಮ್ಮನ ಹೊಸ ಮನೆಗೆ ಹೋದೆವು. ಜಗಲಿಯನ್ನು ಕೊನೆಗೆ ತಂಗಿ ಬರೆದ ನಕ್ಷೆಯಂತೆ ಕಟ್ಟಿಸಿದ್ದರು. ಹೆಣ್ಣುಮಗಳು ದಿನವೂ ಸಾರಿಸಿದ ಜಾಗ, ಅವಳ ನೆನಪೇ ಸರಿಯಿದ್ದೀತೆಂದು ತಮ್ಮನ ವಾದ. ಬೆಳಕಿಂಡಿಯನ್ನು ಮಾತ್ರ ಸಿಮೆಂಟಿನ ಮಾಳಿಗೆಯಲ್ಲಿ ಬಿಡಿಸಲಾಗದೆ ಗೋಡೆಗೆ ಒಂದು ಸಣ್ಣ ಕಿಟಕಿ ಇಡಿಸಿದ್ದರು. ಮರುದಿನ ಬೆಳಿಗ್ಗೆ ತಮ್ಮನ ಹೆಂಡತಿ ಪೂಜೆಗೆ ಕುಳಿತಾಗ ನಾವು ನಡುಮನೆಯ ಬಾಗಿಲಲ್ಲಿ ನಿಂತು ಕ್ಯಾಮೆರಾ ಎತ್ತಿದೆವು. ಚೌಕಟ್ಟಿನಲ್ಲಿ ಅವರು ಸಣ್ಣವರಾಗಿ ಕಂಡರು. ಸುತ್ತ ಜಗಲಿಯ ಮೂರು ಮೆಟ್ಟಿಲು, ಮಾಡ, ಕಿಟಕಿ, ಕಿಟಕಿಯ ಬಿಸಿಲು ನೆಲದ ಮೇಲೆ ಬಿದ್ದ ಜಾಗ, ಒಳಕಲ್ಲು, ಗೋಡೆಗೆ ಒರಗಿಸಿಟ್ಟ ಹಳೆಯ ಮನೆಯ ತೊಲೆಯೊಂದು. ತಮ್ಮನ ಮೊಮ್ಮಗ ನಮ್ಮ ಮೊಣಕಾಲು ಹಿಡಿದು ಪರದೆಯಲ್ಲಿ ಇಣುಕಿ, “ಮುತ್ಯಾ, ಒಲಿ ಬಂದಿಲ್ಲ” ಎಂದ. ನಿಜ, ಅಡುಗೆಮನೆಯ ಬಾಗಿಲೊಳಗಿನ ಒಲೆ ಎಡಗಡೆಯ ಅಂಚಿನ ಆಚೆಗೆ ಉಳಿದಿತ್ತು. ನಾವು ಒಂದು ಹೆಜ್ಜೆ ಹಿಂದೆ ಸರಿದೆವು. ಹಿಮ್ಮಡಿಗೆ ಹೊಸ್ತಿಲು ತಾಗಿತು. ಅದನ್ನೂ ದಾಟಿ ಪಡಸಾಲೆಗೆ ಇಳಿದು ಮತ್ತೊಮ್ಮೆ ತೆಗೆದೆವು.